ಬಾದಾಮಿಯ ಪುರಾತತ್ವ ವಸ್ತುಸಂಗ್ರಹಾಲಯ: ಶಿಲ್ಪಗಳನ್ನು ನೋಡುವ ಕ್ರಮ

ಬಾದಾಮಿಗೆ ಹೊರಟವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ: "ಗುಹೆಗಳನ್ನು ನೋಡಿದ ಮೇಲೆ ಮ್ಯೂಸಿಯಂ ಬೇರೆ ನೋಡಬೇಕೆ? ನೋಡುವುದಾದರೆ ಅಲ್ಲಿ ಏನನ್ನು ನೋಡಬೇಕು, ಎಷ್ಟು ಹೊತ್ತು ಬೇಕು?" ನೋಡಲೇಬೇಕು ಎಂಬುದು ನನ್ನ ಉತ್ತರ. ಆದರೆ ಹೇಗೆ ನೋಡಬೇಕೆಂಬುದನ್ನು ತಿಳಿಯದೆ ಒಳಹೊಕ್ಕವರು ಹದಿನೈದು ನಿಮಿಷಗಳಲ್ಲಿ ಹೊರಬರುವುದನ್ನೂ, "ಒಡೆದ ವಿಗ್ರಹಗಳಷ್ಟೇ ಇವೆ" ಎಂದು ಬೇಸರಪಡುವುದನ್ನೂ ಕಂಡಿದ್ದೇನೆ. ಅಂಥವರಿಗಾಗಿ ಈ ಲೇಖನ.

ಅಗಸ್ತ್ಯತೀರ್ಥವೆಂಬ ಹೊಂಡದ ಉತ್ತರ ದಡದಲ್ಲಿ, ಉತ್ತರದ ಕೋಟೆಬೆಟ್ಟದ ಬುಡದಲ್ಲಿರುವ ಈ ಸಂಗ್ರಹಾಲಯವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಸುತ್ತಮುತ್ತ ಬಿಡಿಬಿಡಿಯಾಗಿ ದೊರೆತ ಶಿಲ್ಪಗಳು, ಶಾಸನಗಳು, ವೀರಗಲ್ಲುಗಳು, ದೇವಾಲಯಗಳ ಕಟ್ಟಡಭಾಗಗಳು ಮುಂತಾದುವನ್ನು ಕಾಪಾಡುವುದಕ್ಕಾಗಿ 1979ರಲ್ಲಿ ಇದು ಆರಂಭವಾಯಿತು. 1982ರಲ್ಲಿ ಪೂರ್ಣ ಪ್ರಮಾಣದ ಸಂಗ್ರಹಾಲಯವಾಯಿತು. ಆದಿಮಾನವನ ಕಲ್ಲಿನ ಉಪಕರಣಗಳನ್ನು ಬಿಟ್ಟರೆ ಇಲ್ಲಿರುವ ವಸ್ತುಗಳು ಹೆಚ್ಚಾಗಿ 6ನೆಯ ಶತಮಾನದಿಂದ 16ನೆಯ ಶತಮಾನದವರೆಗಿನವು. ಒಂದು ಸಾವಿರ ವರ್ಷಗಳ ಕಲ್ಲಿನ ಕೆಲಸವನ್ನು ನಾಲ್ಕು ಕೋಣೆಗಳಲ್ಲಿಯೂ ಒಂದು ಪಡಸಾಲೆಯಲ್ಲಿಯೂ ಮುಂದಿನ ಅಂಗಳದಲ್ಲಿಯೂ ಹತ್ತಿರದಿಂದ ನೋಡುವ ಅವಕಾಶ ಇಲ್ಲಿದೆ.

1. ದಿನ ಮತ್ತು ಹೊತ್ತನ್ನು ಮೊದಲೇ ಗೊತ್ತುಮಾಡಿಕೊಳ್ಳಿ

ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಉಳಿದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ಹೆಚ್ಚು ಜನ ಎಡವುವುದು ಇಲ್ಲಿಯೇ. ಬೆಂಗಳೂರಿನಿಂದ ಗುರುವಾರ ರಾತ್ರಿಯ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ವಾರಾಂತ್ಯಕ್ಕೆ ಒಂದು ದಿನ ಸೇರಿಸಿಕೊಂಡೆವೆಂದು ಬರುವವರು ಶುಕ್ರವಾರ ಬೆಳಿಗ್ಗೆ ಬಾದಾಮಿಯಲ್ಲಿ ಇಳಿಯುತ್ತಾರೆ. ಅಂದು ಸಂಗ್ರಹಾಲಯದ ಬಾಗಿಲು ಮುಚ್ಚಿರುತ್ತದೆ. ಗುರುವಾರ ರಾತ್ರಿ ಹೊರಡುವುದು ಅನಿವಾರ್ಯವಾದರೆ ಶುಕ್ರವಾರವನ್ನು ಪಟ್ಟದಕಲ್ಲಿಗೂ ಮಹಾಕೂಟಕ್ಕೂ ಕೊಟ್ಟು, ಸಂಗ್ರಹಾಲಯವನ್ನು ಶನಿವಾರಕ್ಕೆ ಇಟ್ಟುಕೊಳ್ಳಿ.

ರೈಲು ನಿಲ್ದಾಣದಿಂದ ಊರು ಸುಮಾರು 5 ಕಿಲೋಮೀಟರ್ ದೂರದಲ್ಲಿದೆ. ಆಟೋ, ಟಾಂಗಾ ಸಿಗುತ್ತವೆ. ಊರಿನೊಳಗಿನ ಕಿರಿದಾದ ಓಣಿಗಳನ್ನು ದಾಟಿ ಹೊಂಡದ ದಡಕ್ಕೆ ಬರಬೇಕಾದ್ದರಿಂದ ದೊಡ್ಡ ವಾಹನವನ್ನು ಮುಖ್ಯರಸ್ತೆಯ ಬಳಿಯೇ ಬಿಟ್ಟು ನಡೆದು ಬರುವುದು ಒಳ್ಳೆಯದು. ಪ್ರವೇಶ ಶುಲ್ಕ ಅತ್ಯಲ್ಪ. ಆದರೆ ಗುಹೆಗಳ ಟಿಕೆಟ್ ಬೇರೆ, ಸಂಗ್ರಹಾಲಯದ ಟಿಕೆಟ್ ಬೇರೆ ಎಂಬುದು ನೆನಪಿರಲಿ.

ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಅನುಕೂಲ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಂಡೆ ಕಾದು ಮಧ್ಯಾಹ್ನದ ಹೊತ್ತು ಹೊರಗೆ ನಿಲ್ಲುವುದೇ ಕಷ್ಟವಾಗುತ್ತದೆ.

2. ಗುಹೆಗಳನ್ನು ಮೊದಲು ನೋಡಿ

ಹಲವರು ಸಂಗ್ರಹಾಲಯದಿಂದ ಆರಂಭಿಸಲು ಸಲಹೆ ಕೊಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಸಂಗ್ರಹಾಲಯದಲ್ಲಿರುವ ಪ್ರತಿಯೊಂದು ಶಿಲ್ಪವೂ ಒಂದು ಕಾಲಕ್ಕೆ ಯಾವುದೋ ಗೋಡೆಯಲ್ಲಿ, ಬಾಗಿಲಿನ ಮೇಲೆ, ಛಾವಣಿಯಲ್ಲಿ ಅಥವಾ ಊರಿನ ಹೊರಗಿನ ಬಯಲಿನಲ್ಲಿ ಇದ್ದುದು. ಈಗ ಅದು ತನ್ನ ಮನೆಯನ್ನು ಕಳೆದುಕೊಂಡು ಪೀಠದ ಮೇಲೆ ನಿಂತಿದೆ. ಆ ಮನೆ ಹೇಗಿರುತ್ತದೆಂಬುದನ್ನು ಕಣ್ಣಲ್ಲಿ ತುಂಬಿಕೊಳ್ಳದೆ ಬಿಡಿ ಶಿಲ್ಪವನ್ನು ನೋಡಿದರೆ ಅದು ಬರೀ ಕಲ್ಲಿನ ಗೊಂಬೆಯಾಗಿ ಕಾಣುತ್ತದೆ.

ಆದ್ದರಿಂದ ಬೆಳಿಗ್ಗೆ ತಂಪಿನಲ್ಲಿ ದಕ್ಷಿಣದ ಬೆಟ್ಟದ ನಾಲ್ಕು ಗುಹೆಗಳನ್ನು ಹತ್ತಿ ನೋಡಿ. ಮೊದಲ ಗುಹೆಯ ಹೊರಬದಿಯಲ್ಲಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಅವನ ಪಕ್ಕದಲ್ಲಿ ಪುಟ್ಟ ಗಣಪತಿ ನಿಂತಿದ್ದಾನೆ. ಮೂರನೆಯ ಗುಹೆಯಲ್ಲಿ ಅನಂತನ ಮೇಲೆ ಕುಳಿತ ವಿಷ್ಣು, ವರಾಹ, ನರಸಿಂಹ, ತ್ರಿವಿಕ್ರಮ, ಹರಿಹರ ಇವರೆಲ್ಲರೂ ಆಳೆತ್ತರವನ್ನು ಮೀರಿ ನಿಂತಿದ್ದಾರೆ. ಆ ಗುಹೆಯಲ್ಲಿ ಚಾಲುಕ್ಯ ಮನೆತನದ ಮಂಗಲೇಶನ ಶಾಸನವಿದ್ದು, ಅದರಲ್ಲಿ ಶಕವರ್ಷ 500, ಅಂದರೆ ಕ್ರಿ.ಶ. 578 ಎಂಬ ಕಾಲ ನಿಖರವಾಗಿ ದಾಖಲಾಗಿದೆ. ಈ ಒಂದು ಕಾಲಸೂಚಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಆ ಗುಹೆಯ ಮೈಕಟ್ಟು, ಕಿರೀಟ, ಆಭರಣಗಳನ್ನು ಗಮನಿಸಿ ಬಂದರೆ, ಸಂಗ್ರಹಾಲಯದ ಒಂದು ಬಿಡಿ ಶಿಲ್ಪ ಅದಕ್ಕೆ ಹತ್ತಿರದ ಕಾಲದ್ದೋ, ಬಹಳ ಈಚಿನದೋ ಎಂಬುದನ್ನು ನೀವೇ ಅಂದಾಜು ಮಾಡಬಹುದು.

ಹತ್ತುವ ಶಕ್ತಿಯಿಲ್ಲದ ಹಿರಿಯರು ಜೊತೆಗಿದ್ದರೆ ಈ ಹಂತವನ್ನು ಬಿಟ್ಟು ನೇರವಾಗಿ ಸಂಗ್ರಹಾಲಯಕ್ಕೆ ಬರಬಹುದು. ಗುಹೆಗಳಿಗೆ ಹತ್ತುವಷ್ಟು ಶ್ರಮ ಇಲ್ಲಿಲ್ಲ.

ಎಚ್ಚರಿಕೆ: ಬಾದಾಮಿಯಲ್ಲಿ ಕೋತಿಗಳ ಕಾಟ ಹೆಚ್ಚು. ಕೈಯಲ್ಲಿ ಬಾಳೆಹಣ್ಣಾಗಲಿ ತಿಂಡಿಯ ಪೊಟ್ಟಣವಾಗಲಿ ಪ್ಲಾಸ್ಟಿಕ್ ಚೀಲವಾಗಲಿ ಕಾಣುವಂತೆ ಹಿಡಿದುಕೊಂಡರೆ ಅದು ನಿಮ್ಮದಾಗಿ ಉಳಿಯುವುದಿಲ್ಲ. ಮಕ್ಕಳ ಕೈಗೆ ತಿಂಡಿ ಕೊಡಬೇಡಿ.

3. ಜೊತೆಗೆ ಒಯ್ಯಬೇಕಾದದ್ದು

ಒಂದು ಚಿಕ್ಕ ಪುಸ್ತಕ, ಪೆನ್ಸಿಲ್ಲು, ನೀರಿನ ಬಾಟಲಿ ಇಷ್ಟು ಸಾಕು. ಫೋಟೋ ತೆಗೆಯಲು ಅನುಮತಿಯಿದೆಯೇ ಎಂಬುದನ್ನು ಬಾಗಿಲಲ್ಲಿಯೇ ಸಿಬ್ಬಂದಿಯನ್ನು ಕೇಳಿ, ಅವರು ಹೇಳಿದಂತೆ ನಡೆದುಕೊಳ್ಳಿ. ಅನುಮತಿ ಸಿಗದಿದ್ದರೆ ಬೇಸರ ಬೇಡ. ಶಿಲ್ಪವೊಂದರ ಮುಂದೆ ಐದು ನಿಮಿಷ ನಿಂತು ಪೆನ್ಸಿಲ್ಲಿನಲ್ಲಿ ಅದರ ಹೊರರೇಖೆಯನ್ನು ಗೀಚಿದವರಿಗೆ ಅದು ಎಷ್ಟು ಚೆನ್ನಾಗಿ ನೆನಪಿರುತ್ತದೆಯೋ ನೂರು ಫೋಟೋ ತೆಗೆದವರಿಗೆ ಅಷ್ಟು ಚೆನ್ನಾಗಿ ನೆನಪಿರುವುದಿಲ್ಲ. ಚಿತ್ರ ಚೆನ್ನಾಗಿ ಬರಬೇಕೆಂದೇನೂ ಇಲ್ಲ.

4. ಮೊದಲು ಕಲ್ಲನ್ನು ನೋಡಿ, ಆಮೇಲೆ ದೇವರನ್ನು

ಒಳಗೆ ಹೋದ ಕೂಡಲೇ "ಇದು ಯಾವ ದೇವರು?" ಎಂದು ಫಲಕ ಓದುವುದು ಎಲ್ಲರ ರೂಢಿ. ಫಲಕ ಓದಿದ ಮೇಲೆ ಕಣ್ಣು ಶಿಲ್ಪವನ್ನು ಬಿಟ್ಟು ಮುಂದಿನ ಫಲಕಕ್ಕೆ ಹೋಗುತ್ತದೆ. ಈ ರೂಢಿಯನ್ನು ಒಂದು ದಿನದ ಮಟ್ಟಿಗೆ ಬದಿಗಿಡಿ. ಫಲಕವನ್ನು ಕೊನೆಯಲ್ಲಿ ಓದಿ.

ಮೊದಲು ಕಲ್ಲು ಯಾವುದೆಂದು ಗಮನಿಸಿ. ಬಾದಾಮಿ ಸೀಮೆಯ ಕಲ್ಲು ಮರಳುಗಲ್ಲು: ಕೋಟ್ಯಂತರ ವರ್ಷಗಳ ಹಿಂದೆ ಮರಳು ಪದರಪದರವಾಗಿ ಕೂತು ಗಟ್ಟಿಯಾಗಿ ಆದ ಕಲ್ಲು. ಹತ್ತಿರ ಹೋಗಿ ನೋಡಿದರೆ ಅದರ ಕಾಳುಗಳೂ ಪದರಗಳ ಗೆರೆಗಳೂ ಕಾಣುತ್ತವೆ; ಕೆಲವು ಕಡೆ ಕೆಂಪು, ಹಳದಿ, ಬಿಳಿ ಪಟ್ಟೆಗಳು ಶಿಲ್ಪದ ಮುಖದ ಮೇಲೆಯೇ ಹಾದುಹೋಗಿರುತ್ತವೆ. ಈ ಕಲ್ಲಿನಲ್ಲಿ ತುಂಬ ಸೂಕ್ಷ್ಮವಾದ ಕುಸುರಿ ಬಹುಕಾಲ ನಿಲ್ಲುವುದಿಲ್ಲ. ಅದಕ್ಕೆ ತಕ್ಕಂತೆ ಚಾಲುಕ್ಯ ಶಿಲ್ಪಿಗಳ ಗಮನವೆಲ್ಲ ದೇಹದ ತುಂಬುತನದ ಮೇಲೆ, ನಿಲುವಿನ ಮೇಲೆ, ತಿರುವಿನ ಮೇಲೆ ಇದೆ. ಆಭರಣ ಮಿತವಾಗಿದೆ, ಹೊಟ್ಟೆ, ಭುಜ, ತೊಡೆಗಳಲ್ಲಿ ಉಸಿರಾಟ ಕಾಣುತ್ತದೆ.

ಇದನ್ನು ಹೊಯ್ಸಳರ ಕೆಲಸದೊಡನೆ ಹೋಲಿಸಿ ನೋಡಿ. ಬೇಲೂರು, ಹಳೇಬೀಡುಗಳಲ್ಲಿ ಬಳಸಿರುವುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುವ ಈ ಕಲ್ಲಿನಲ್ಲಿ ಸರದ ಒಂದೊಂದು ಮಣಿಯನ್ನೂ ಬಿಡಿಸಿ ಕೊರೆಯಬಹುದು. ವಿಜಯನಗರದ ಕಾಲದಲ್ಲಿ ಹಂಪಿಯ ಸುತ್ತ ದೊರೆತದ್ದು ಕಣಶಿಲೆ, ಅಂದರೆ ಗ್ರಾನೈಟು. ಅದು ಉಳಿಗೆ ಸುಲಭವಾಗಿ ಒಗ್ಗದ ಕಲ್ಲು. ಆದ್ದರಿಂದ ಅಲ್ಲಿನ ರೂಪಗಳು ದೃಢವಾಗಿಯೂ ರೇಖೆಗಳು ಮಿತವಾಗಿಯೂ ಇವೆ. ಕುಸುರಿ ಹೆಚ್ಚಿದ್ದರೆ ಶಿಲ್ಪಿ ದೊಡ್ಡವನು, ಕಡಿಮೆಯಿದ್ದರೆ ಚಿಕ್ಕವನು ಎಂದು ಅಳೆಯುವುದು ತಪ್ಪು. ಕಲ್ಲು ಎಷ್ಟನ್ನು ಬಿಟ್ಟುಕೊಟ್ಟಿದೆ, ಶಿಲ್ಪಿ ಅದರಿಂದ ಏನನ್ನು ಪಡೆದಿದ್ದಾನೆ ಎಂಬುದೇ ಸರಿಯಾದ ಅಳತೆ.

ಮುರಿದ ಭಾಗಗಳ ವಿಷಯದಲ್ಲಿಯೂ ಒಂದು ಮಾತು. ಕೈ, ಮೂಗು ಇಲ್ಲದ ಪ್ರತಿಯೊಂದು ಶಿಲ್ಪದ ಮುಂದೆಯೂ "ಇದನ್ನು ದಾಳಿಯಲ್ಲಿ ಒಡೆದರು" ಎಂಬ ವಿವರಣೆ ಕೇಳಿಬರುತ್ತದೆ. ಬಾದಾಮಿ ಯುದ್ಧಗಳನ್ನು ಕಂಡ ಊರು ಎಂಬುದು ನಿಜ; 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ಆಗ ವಾತಾಪಿ ಎನಿಸಿದ್ದ ಈ ಊರನ್ನೇ ಗೆದ್ದಿದ್ದನು. ಆದರೆ ಮರಳುಗಲ್ಲು ನೀರು ಕುಡಿದು ಪದರದ ಗುಂಟ ತಾನಾಗಿಯೂ ಸಿಪ್ಪೆ ಬಿಡುತ್ತದೆ. ಮುಂದಕ್ಕೆ ಚಾಚಿದ ಕೈ, ಮೂಗು, ಆಯುಧಗಳು ಬಿದ್ದಾಗ ಮೊದಲು ಮುರಿಯುತ್ತವೆ. ಮುರಿದ ಜಾಗ ಪದರದ ಗೆರೆಯ ಉದ್ದಕ್ಕೆ ಸಪಾಟಾಗಿದೆಯೇ, ಪೆಟ್ಟು ಬಿದ್ದ ಹಾಗೆ ಕುಳಿಬಿದ್ದಿದೆಯೇ ಎಂಬುದನ್ನು ನೋಡಿದ ಮೇಲೆ ತೀರ್ಮಾನಕ್ಕೆ ಬನ್ನಿ.

5. ಗುರುತಿಸುವ ಕ್ರಮ: ಕೈ, ಕಾಲು, ಪೀಠ

ಈಗ ದೇವರನ್ನು ಗುರುತಿಸಲು ಪ್ರಯತ್ನಿಸಿ. ಮುಖ ನೋಡಿದರೆ ತಿಳಿಯುವುದಿಲ್ಲ. ಮುಖಗಳು ಹೆಚ್ಚುಕಡಿಮೆ ಒಂದೇ ಬಗೆಯ ಶಾಂತಿಯಲ್ಲಿರುತ್ತವೆ. ನೋಡಬೇಕಾದ್ದು ಮೂರು.

ಮೊದಲನೆಯದು ಕೈಗಳಲ್ಲಿರುವ ಆಯುಧ. ಶಂಖ, ಚಕ್ರ, ಗದೆ, ಪದ್ಮ ಇದ್ದರೆ ವಿಷ್ಣು. ಈ ನಾಲ್ಕನ್ನು ಯಾವ ಕೈಯಲ್ಲಿ ಯಾವುದೆಂದು ಬದಲಾಯಿಸಿದಾಗ ಕೇಶವ, ನಾರಾಯಣ, ಮಾಧವ ಎಂದು ನಾವು ಸಂಧ್ಯಾವಂದನೆಯಲ್ಲಿ ಹೇಳುವ ಇಪ್ಪತ್ತನಾಲ್ಕು ಹೆಸರುಗಳ ಇಪ್ಪತ್ತನಾಲ್ಕು ರೂಪಗಳಾಗುತ್ತವೆ. ತ್ರಿಶೂಲ, ಡಮರು, ಸರ್ಪ ಇದ್ದರೆ ಶಿವ ಅಥವಾ ಶಿವನ ಪರಿವಾರ. ಎರಡನೆಯದು ಕಾಲಿನ ಕೆಲಸ: ದೇವರು ನಿಂತಿದ್ದಾನೆಯೇ, ಕುಣಿಯುತ್ತಿದ್ದಾನೆಯೇ, ಯಾರನ್ನಾದರೂ ಮೆಟ್ಟಿದ್ದಾನೆಯೇ? ಮೈ ಮೂರು ಕಡೆ ಬಳುಕಿರುವ ನಿಲುವಿಗೆ ತ್ರಿಭಂಗ ಎನ್ನುತ್ತಾರೆ. ಕುತ್ತಿಗೆ, ಸೊಂಟ, ಮೊಣಕಾಲು ಈ ಮೂರೂ ಬೇರೆಬೇರೆ ದಿಕ್ಕಿಗೆ ವಾಲಿರುತ್ತವೆ. ಮೂರನೆಯದು ಪೀಠದ ಬಳಿ ಇರುವ ವಾಹನ ಮತ್ತು ಚಿಕ್ಕ ಆಕೃತಿಗಳು. ಇವನ್ನು ಜನ ಸಾಮಾನ್ಯವಾಗಿ ಗಮನಿಸುವುದೇ ಇಲ್ಲ.

ಮೊದಲ ಕೋಣೆಯಲ್ಲಿ ಶಿವನ ಹಲವು ರೂಪಗಳಿವೆ. ಅಲ್ಲಿಯೇ ಅಭ್ಯಾಸ ಮಾಡಿ. ಬಿಲ್ಲು ಹಿಡಿದು ಹೋರಾಟದ ನಿಲುವಿನಲ್ಲಿದ್ದರೆ ಮೂರು ಪುರಗಳನ್ನು ಸುಟ್ಟ ತ್ರಿಪುರಾಂತಕನನ್ನು ನೆನೆಯಿರಿ. ಲಿಂಗವನ್ನು ಅಪ್ಪಿದ ಬಾಲಕನೂ ಶಿವನ ಕಾಲ ಕೆಳಗೆ ಯಮನೂ ಕಂಡರೆ ಅದು ಮಾರ್ಕಂಡೇಯನ ಕಥೆ. ಆ ಶಿವನಿಗೆ ಕಾಲಾರಿಮೂರ್ತಿ, ಅಂದರೆ ಕಾಲನ (ಯಮನ) ಶತ್ರು ಎಂದು ಹೆಸರು. ಅದೇ ಕೋಣೆಯಲ್ಲಿ ಕೃಷ್ಣನ ಬಾಲಲೀಲೆಗಳನ್ನು ಹೇಳುವ ಭಾಗವತದ ಪಟ್ಟಿಕೆಗಳೂ ಇವೆ. ಪಟ್ಟಿಕೆ ಎಂದರೆ ಕಥೆಯನ್ನು ಸಾಲಾಗಿ ಕೊರೆದ ಉದ್ದನೆಯ ಉಬ್ಬುಶಿಲ್ಪ. ಉಬ್ಬುಶಿಲ್ಪವೆಂದರೆ ಹಿನ್ನೆಲೆಯ ಕಲ್ಲಿಗೆ ಅಂಟಿಕೊಂಡೇ ಇರುವ ಶಿಲ್ಪ. ಸುತ್ತಲೂ ಬಿಡಿಸಿ ಕೊರೆದದ್ದು ದುಂಡುಶಿಲ್ಪ.

6. ಮೂರು ವಸ್ತುಗಳಿಗೆ ಹೆಚ್ಚು ಹೊತ್ತು ಕೊಡಿ

ಎಲ್ಲವನ್ನೂ ಸಮನಾಗಿ ನೋಡಹೊರಟರೆ ಯಾವುದೂ ಉಳಿಯುವುದಿಲ್ಲ. ನನ್ನ ಮಾತು ಕೇಳುವುದಾದರೆ ಈ ಮೂರರ ಮುಂದೆ ನಿಲ್ಲಿ.

ಲಜ್ಜಾಗೌರಿ. ಬಾದಾಮಿಗೆ ಹತ್ತಿರದ ನಾಗನಾಥಕೊಳ್ಳದಿಂದ ತಂದ ಶಿಲ್ಪವಿದು. ಕೊಳ್ಳ ಎಂದರೆ ಬೆಟ್ಟಗಳ ನಡುವಿನ ಕಣಿವೆ. ಈ ದೇವಿಗೆ ತಲೆಯಿಲ್ಲ. ತಲೆ ಮುರಿದುಹೋಗಿದೆ ಎಂದು ಭಾವಿಸಿ ಮುಂದೆ ಹೋಗುವವರಿದ್ದಾರೆ. ನಿಂತು ನೋಡಿ, ಕುತ್ತಿಗೆಯ ಮೇಲೆ ಅರಳಿದ ಕಮಲವಿದೆ. ಕಾಲುಗಳನ್ನು ಮಡಿಚಿ ಎರಡು ಬದಿಗೆ ಅಗಲಿಸಿದ ಭಂಗಿ ಹೆರಿಗೆಯ ಭಂಗಿ. ಕೊರಳಲ್ಲಿ, ತೋಳಿನಲ್ಲಿ, ಕಾಲಿನಲ್ಲಿ ಒಡವೆಗಳಿವೆ. ಅಂದರೆ ಇವಳನ್ನು ಕೊರೆದವರು ಇವಳನ್ನು ಸಿಂಗರಿಸಿ ಪೂಜಿಸಬೇಕಾದ ತಾಯಿಯೆಂದೇ ಕಂಡಿದ್ದಾರೆ. ಸಂತಾನಕ್ಕಾಗಿ, ಬೆಳೆಗಾಗಿ, ಹುಟ್ಟಿನ ಶಕ್ತಿಗಾಗಿ ಜನ ನಂಬಿದ ದೇವತೆ ಇವಳು. ಲಜ್ಜಾಗೌರಿ ಎಂಬ ಹೆಸರಿನಲ್ಲಿ ನಾಚಿಕೆಯಿದೆ, ಶಿಲ್ಪದಲ್ಲಿ ಅದು ಎಳ್ಳಷ್ಟೂ ಇಲ್ಲ. ಮಕ್ಕಳು ಜೊತೆಗಿದ್ದಾರೆಂದು ಮುಜುಗರಪಟ್ಟು ಅವರನ್ನು ಮುಂದಕ್ಕೆ ತಳ್ಳಬೇಡಿ. "ಇದು ಹೆರುವ ತಾಯಿಯ ರೂಪ, ತಲೆಯ ಬದಲು ಹೂವಿದೆ ನೋಡು" ಎಂದರೆ ಮಕ್ಕಳಿಗೆ ಅಷ್ಟು ಸಾಕಾಗುತ್ತದೆ.

ಮಕರತೋರಣ. ಮಕರವೆಂದರೆ ಮೊಸಳೆಯ ಬಾಯಿಯೂ ಆನೆಯ ಸೊಂಡಿಲೂ ಕೂಡಿದ ಕಲ್ಪನೆಯ ಜಲಚರ. ಎರಡು ಬದಿಯ ಮಕರಗಳ ಬಾಯಿಂದ ಹೊರಟ ಕಮಾನೇ ಮಕರತೋರಣ. ಸಾಮಾನ್ಯವಾಗಿ ದೇವರ ತಲೆಯ ಮೇಲೆ ಕಾಣುವ ತೋರಣಕ್ಕೆ ಮುಂಭಾಗ ಮಾತ್ರ ಇರುತ್ತದೆ, ಹಿಂದೆ ಗೋಡೆ. ಇಲ್ಲಿಯದು ಎರಡು ಬದಿಗೂ ಕೊರೆದದ್ದು. ಎರಡು ಬದಿಯಿಂದಲೂ ಜನ ನೋಡುವಂತೆ, ಗೋಡೆಗೆ ಒರಗದೆ ನಿಂತಿದ್ದ ತೋರಣ ಇದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಒಳಹೊಗುವವನಿಗೆ ಒಂದು ಮುಖ, ಹೊರಬರುವವನಿಗೆ ಇನ್ನೊಂದು ಮುಖ. ಬಹಳ ಜನ ಮುಂದಿನಿಂದ ನೋಡಿ ಹೊರಟುಹೋಗುತ್ತಾರೆ. ದಯವಿಟ್ಟು ಹಿಂದಕ್ಕೆ ಸುತ್ತಿಬನ್ನಿ.

ವೀರಗಲ್ಲುಗಳು. ಊರನ್ನೋ ದನವನ್ನೋ ಒಡೆಯನನ್ನೋ ಕಾಯುತ್ತ ಮಡಿದವನ ನೆನಪಿಗೆ ನೆಟ್ಟ ಕಲ್ಲುಗಳಿವು. ಇವನ್ನು ಓದುವಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ಓದುವುದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎರಡು ಬದಿಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯಚಂದ್ರರಿದ್ದರೆ, ಅವರಿರುವ ತನಕ ಈ ನೆನಪು ಇರಲಿ ಎಂದು ಅರ್ಥ. ರಾಜರ ದೇವಾಲಯಗಳಲ್ಲಿ ಕಾಣದ ಸಾಮಾನ್ಯ ಮನುಷ್ಯ, ಅವನ ಕತ್ತಿ, ಅವನು ಉಟ್ಟ ಬಟ್ಟೆ, ಅವನ ತುರುಬು ಇವೆಲ್ಲ ಕೆಳಗಿನ ಅಂಕಣದಲ್ಲಿ ಸಿಗುತ್ತವೆ. ನನಗೆ ಈ ಕಲ್ಲುಗಳು ದೇವರ ಶಿಲ್ಪಗಳಿಗಿಂತ ಹೆಚ್ಚು ಹತ್ತಿರ.

7. ಶಾಸನಗಳು ಮತ್ತು ಗುಹೆಯ ಮಾದರಿ

ಶಾಸನಗಳಿರುವ ಕಡೆ ಅಕ್ಷರ ಓದಲು ಬಾರದೆಂದು ದಾಟಿಹೋಗಬೇಡಿ. ಕಲ್ಲಿಗೆ ನೇರವಾಗಿ ಎದುರು ನಿಲ್ಲದೆ ಸ್ವಲ್ಪ ಬದಿಗೆ ಸರಿದು ನಿಂತರೆ ಓರೆ ಬೆಳಕಿನಲ್ಲಿ ಅಕ್ಷರಗಳ ಗೀರು ನೆರಳಾಗಿ ಎದ್ದು ಕಾಣುತ್ತದೆ. ಇಲ್ಲಿ ಶಾಸನವುಳ್ಳ ವಿಗ್ರಹವೊಂದರ ಕೆಳಗಿನ ಅರ್ಧ ಮಾತ್ರ ಉಳಿದಿದೆ. ಅರ್ಧ ವಿಗ್ರಹವನ್ನು ಏಕೆ ಇಟ್ಟಿದ್ದಾರೆಂದು ಕೇಳುವವರಿಗೆ ಉತ್ತರ ಅದರ ಮೇಲಿನ ಬರಹವೇ: ಬರಹವಿಲ್ಲದ ಇಡೀ ವಿಗ್ರಹಕ್ಕಿಂತ ಬರಹವಿರುವ ಅರ್ಧ ವಿಗ್ರಹ ಇತಿಹಾಸಕ್ಕೆ ಹೆಚ್ಚು ಹೇಳುತ್ತದೆ.

ಬಾದಾಮಿಯ ಹತ್ತಿರದ ಸಿಡಿಲಫಡಿ ಎಂಬ ಆದಿಮಾನವನ ಕಲ್ಲಾಸರೆಯ ಮಾದರಿಯನ್ನು ಒಳಗೆ ಕಟ್ಟಿದ್ದಾರೆ. ಮಕ್ಕಳು ತಾವಾಗಿಯೇ ಇಲ್ಲಿ ನಿಲ್ಲುತ್ತಾರೆ, ಅವರನ್ನು ಅವಸರಪಡಿಸಬೇಡಿ.

ಎಚ್ಚರಿಕೆ: ಯಾವ ಶಿಲ್ಪವನ್ನೂ ಮುಟ್ಟಬೇಡಿ. ಭಕ್ತಿಯಿಂದ ಪಾದ ಮುಟ್ಟಿ ನಮಸ್ಕರಿಸುವವರಿಗೂ ಇದೇ ಮಾತು. ಕೈಯ ಬೆವರು, ಎಣ್ಣೆ ಕಲ್ಲಿಗೆ ಇಳಿಯುತ್ತದೆ. ಮರಳುಗಲ್ಲಿನ ಕಾಳು ಒಂದೊಂದಾಗಿ ಉದುರುತ್ತದೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ನೀರು ಸುರಿಯುವುದು, ಕುಂಕುಮ ಹಚ್ಚುವುದು ಅಂಗಳದ ಕಲ್ಲುಗಳಿಗೂ ಸಲ್ಲದು. ನಿಂತಲ್ಲಿಯೇ ಕೈಮುಗಿದರೆ ಸಾಕು.

8. ಹೊರಬಂದ ಮೇಲೆ

ಒಟ್ಟು ಒಂದೂವರೆಯಿಂದ ಎರಡು ಗಂಟೆ ಒಳಗೆ ಕಳೆದಿದ್ದರೆ ಸರಿಯಾಗಿ ನೋಡಿದಂತೆ. ಬಿಸಿಲು ಇಳಿದ ಮೇಲೆ ಪಕ್ಕದಿಂದಲೇ ಉತ್ತರದ ಬೆಟ್ಟಕ್ಕೆ ಹತ್ತುವ ದಾರಿ ಹಿಡಿಯಿರಿ. ಬಂಡೆಗಳ ಸೀಳಿನ ನಡುವೆ ಹೋಗುವ ಆ ದಾರಿಯ ಮೇಲ್ತುದಿಯಲ್ಲಿ ಮೇಲಣ ಶಿವಾಲಯವಿದೆ. ಅದರ ತಳಭಾಗದಲ್ಲಿ ರಾಮಾಯಣದ ಮತ್ತು ಕೃಷ್ಣಕಥೆಯ ಪಟ್ಟಿಕೆಗಳು ತಾವು ಹುಟ್ಟಿದ ಜಾಗದಲ್ಲಿಯೇ ಇವೆ. ಒಳಗೆ ಬಿಡಿಯಾಗಿ ಕಂಡ ಭಾಗವತದ ಪಟ್ಟಿಕೆ ಕಟ್ಟಡದಲ್ಲಿ ಎಲ್ಲಿ ಕೂರುತ್ತಿತ್ತೆಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ಹತ್ತಲಾರದವರು ಹೊಂಡದ ದಡದಲ್ಲಿ ಪೂರ್ವಕ್ಕೆ ನಡೆದು ಭೂತನಾಥ ದೇವಾಲಯಕ್ಕೆ ಹೋಗಬಹುದು. ಆ ಕಡೆಯ ಬಂಡೆಯ ಮೇಲೆ, "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂದು ನಾವೆಲ್ಲ ಶಾಲೆಯಲ್ಲಿ ಓದಿದ ಕಪ್ಪೆ ಅರಭಟ್ಟನ ಶಾಸನವಿದೆ.

ಮರುದಿನ ಸಮಯವಿದ್ದರೆ ಸುಮಾರು 22 ಕಿಲೋಮೀಟರ್ ದೂರದ ಪಟ್ಟದಕಲ್ಲನ್ನೂ ಸುಮಾರು 35 ಕಿಲೋಮೀಟರ್ ದೂರದ ಐಹೊಳೆಯನ್ನೂ ಸೇರಿಸಿಕೊಳ್ಳಿ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಅನಿವಾರಿತಾಚಾರಿ ಗುಂಡನೆಂಬ ಶಿಲ್ಪಿಯ ಹೆಸರು ಶಾಸನದಲ್ಲಿಯೇ ಇದೆ. ಹೆಸರಿಲ್ಲದ ಇಷ್ಟೊಂದು ಶಿಲ್ಪಗಳನ್ನು ಕಂಡು ಬಂದವರಿಗೆ ಆ ಒಂದು ಹೆಸರು ದೊಡ್ಡದೆನಿಸುತ್ತದೆ. ಐಹೊಳೆಯ ಸಂಗ್ರಹಾಲಯ ದುರ್ಗ ದೇವಾಲಯದ ಆವರಣದಲ್ಲಿದೆ, ಅದಕ್ಕೂ ಶುಕ್ರವಾರವೇ ರಜೆ. ಆ ದೇವಾಲಯಕ್ಕೆ ದುರ್ಗ ಎಂಬ ಹೆಸರು ಬಂದದ್ದು ಕೋಟೆಯಿಂದ, ದುರ್ಗಾದೇವಿಯಿಂದಲ್ಲ.

ಮುಂಬಯಿ, ದೆಹಲಿಗಳಲ್ಲಿರುವ ಕನ್ನಡಿಗರಿಗೆ ಒಂದು ಸೂಚನೆ. ಐಹೊಳೆಯ ಛಾವಣಿಯ ದೊಡ್ಡ ಶಿಲಾಫಲಕಗಳು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿವೆ. ಐಹೊಳೆಯ ಹಾರುವ ಗಂಧರ್ವರು ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿದ್ದಾರೆ. ಊರಿಗೆ ಬಂದಾಗ ಬಾದಾಮಿ, ಐಹೊಳೆಗಳನ್ನು ನೋಡಿ ಹೋದವರು ಅಲ್ಲಿ ಮತ್ತೊಮ್ಮೆ ಅವುಗಳ ಮುಂದೆ ನಿಲ್ಲಿ. ಮುಂಬಯಿಯ ಫಲಕಗಳನ್ನು ಈಗ ಎದುರಿಗೆ ನಿಂತು ನೋಡುತ್ತೇವೆ. ಅವು ಛಾವಣಿಯಲ್ಲಿದ್ದಾಗ ಭಕ್ತರು ಕತ್ತೆತ್ತಿ, ಮಬ್ಬು ಬೆಳಕಿನಲ್ಲಿ ನೋಡಬೇಕಾಗಿತ್ತು.